ಅತ್ತೆಯ ಮೊಣಕಾಲು ಮತ್ತು ಮೊದಲ ಬಿತ್ತನೆ

ನಮ್ಮ ಸೋದರತ್ತೆಗೆ ಏನಿಲ್ಲೆಂದರೂ ಹತ್ತು ಸಾವಿರ ವರ್ಷ ವಯಸ್ಸು. ಆಧಾರ್ ಕಾರ್ಡಿನಲ್ಲಿ ಎಪ್ಪತ್ತೊಂದು ಅಂತಿದೆ, ನಂಬಬೇಡಿ! ಮನುಷ್ಯ ಇನ್ನೂ ಬಿತ್ತುವುದನ್ನು ಕಲಿಯದೆ, ಸಿಕ್ಕಿದ್ದನ್ನು ಆರಿಸಿ ತಿನ್ನುತ್ತ ಅಲೆಯುತ್ತಿದ್ದನಲ್ಲ, ಆ ಕಾಲದಿಂದ ಇವರು ನೇರವಾಗಿ ಕಲಬುರಗಿಯ ನಮ್ಮ ಮನೆಗೆ ಬಂದಿಳಿದಿದ್ದಾರೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಇಷ್ಟು ಗುರುತು ಹಿಡಿಯದಿದ್ದರೆ ಹೇಗೆ?

ಒಮ್ಮೆ ಊರೊಳಗಿನ ಜಗತ್ ಸರ್ಕಲ್ ದಾಟಿ ಆಟೋದಲ್ಲಿ ಹೋಗುತ್ತಿದ್ದೆವು. ಅತ್ತೆ "ನಿಂದರಸೋ!" ಎಂದು ಚೀರಿದರು. ಆಟೋದವನು ಗಾಬರಿಯಿಂದ ಬ್ರೇಕ್ ಒತ್ತಿದ.

"ಏನ್ ಬಿತ್ರಿ ಅಮ್ಮಾ?"

"ಬಿದ್ದಿಲ್ಲಪಾ, ಎದ್ದದ! ಮಳಿ ಆಗಿ ವಾರ ಆಗಿಲ್ಲ, ಗೋಳಿ ಪಲ್ಯ ಹೆಂಗ ಎದ್ದದ ನೋಡು!"

ನಾನು ದಿನಾ ಓಡಾಡುವ ದಾರಿ ಅದು. ಆ ಖಾಲಿ ಪ್ಲಾಟಿನಲ್ಲಿ ನನಗೆ ಇದುವರೆಗೆ ಧೂಳು ಬಿಟ್ಟು ಬೇರೇನೂ ಕಂಡಿರಲಿಲ್ಲ. ಅತ್ತೆ ಇಳಿದು ಸೆರಗು ತುಂಬ ಆ ಸೊಪ್ಪು ಕಿತ್ತು, ಅರ್ಧ ಆಟೋದವನಿಗೂ ಕೊಟ್ಟರು. ಮುಂದಿನ ವಾರ ಅವನೇ ನಮ್ಮ ಬಾಗಿಲಿಗೆ ಬಂದ. "ಅಮ್ಮಾ ಅದಾರೇನ್ರಿ? ಆ ಪಲ್ಯ ಮತ್ತೆಲ್ಲಿ ಎದ್ದದ ಕೇಳಬೇಕಿತ್ತು!"

ಕಮಲಾಪುರದಲ್ಲಿ ಅತ್ತೆಯ ತಮ್ಮನದು, ಅಂದರೆ ನಮ್ಮ ಕಾಕಾನದು, ಕೆಂಬಾಳೆ ತೋಟವಿದೆ. ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅತ್ತೆ ಮಾತ್ರ ಆ ಕೆಂಪು ಗೊನೆಗಳಿಗೆ ಬೆನ್ನು ಮಾಡಿ ಬದುವಿನ ಮೇಲೆ ಕೂತು ಹಕ್ಕರಕಿ ಸೊಪ್ಪು ಹುಡುಕುತ್ತಾರೆ. ಕಾಕಾನಿಗೆ ಅವಮಾನ.

"ಅಕ್ಕಾ, ಇಷ್ಟ್ ಛಂದ ಬಾಳಿ ಬೆಳದೀನಿ, ನೀ ಕಸ ಆರಸಾಕತ್ತೀಯಲ್ಲ!"

"ಬಾಳಿ ನೀ ನೀರ ಹಾಕಿದ್ದಕ್ಕ ಬಂದದ. ಇದು ಯಾರೂ ಕರೀಲಾರದ ಬಂದದ. ಕರೀಲಾರದ ಬಂದವರನ್ನ ಮೊದಲ ಮಾತಾಡಸಬೇಕೋ ಬ್ಯಾಡೋ?"

ಇಂಥವರ ಮುಂದೆ ನಾನೊಮ್ಮೆ ಪಾಠ ಒಪ್ಪಿಸಿದೆ. ಲಕ್ಷಾಂತರ ವರ್ಷ ಅಲೆದ ಮನುಷ್ಯ ಯಾಕೆ ಒಂದು ಕಡೆ ನಿಂತು ಬಿತ್ತಿದ? ಹವಾಮಾನ, ಜನಸಂಖ್ಯೆ ಎಂದು ಕಾರಣ ಹೇಳುತ್ತಿದ್ದೆ. ಅತ್ತೆ ಸೊಪ್ಪು ಸೋಸುತ್ತಲೇ ಅಂದರು, "ಯಾವಾಕಿಗರ ಮೊಣಕಾಲ ಹಿಡದಿರಬೇಕು, ತಗೋ."

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಮರುದಿನ ಕ್ಲಾಸಿನಲ್ಲಿ ತಮಾಷೆಗೆ ಹೇಳಿದೆ. ಒಬ್ಬಳು ಹುಡುಗಿ ಪರೀಕ್ಷೆಯಲ್ಲಿ ಅದನ್ನೇ ಮೊದಲನೆಯ ಕಾರಣವೆಂದು ಬರೆದಳು! ಏನು ಮಾಡಲಿ, ಅರ್ಧ ಅಂಕ ಕೊಟ್ಟೆ.

ಈ ಸಲ ಮಳೆ ಶುರುವಾಗುವ ಹೊತ್ತಿಗೆ ಅತ್ತೆಯ ಮೊಣಕಾಲೇ ಹಿಡಿಯಿತು. ಡಾಕ್ಟರು ಹೊಲ, ಬಯಲು ಎಲ್ಲ ಬಂದ್ ಅಂದರು. ಅತ್ತೆ ಕಿಟಕಿಯ ಹತ್ತಿರ ಕೂತು ಮಳೆ ನೋಡುವುದನ್ನು ನಾನು ನೋಡಲಾರದಾದೆ. ನಾನೇ ಚೀಲ ಹಿಡಿದು ಹೋಗಿ, ಹಸಿರು ಕಂಡಿದ್ದನ್ನೆಲ್ಲ ಕಿತ್ತು ತಂದೆ. ಅತ್ತೆ ಒಂದೊಂದೇ ಎಲೆ ಮೂಸಿ ನೋಡಿದರು. "ಇದನ್ನ ಆಡೂ ತಿನ್ನಂಗಿಲ್ಲೋ," ಎಂದರು. ನಗಲಿಲ್ಲ.

ಒಂದೂವರೆ ತಿಂಗಳಾಗಿರಬೇಕು. ಹಿತ್ತಲಿಗೆ ಹೋದರೆ ಗೋಡೆಗೆ ಹಚ್ಚಿ ಹಳೆಯ ಪೇಂಟಿನ ಬಕೆಟ್ಟುಗಳು ಸಾಲಾಗಿವೆ. ಕಾಕಾನಿಂದ ಬದುವಿನ ಮಣ್ಣು, ಬೀಜ ತರಿಸಿದ್ದರಂತೆ. ಒಂದರಲ್ಲಿ ಹಕ್ಕರಕಿ, ಒಂದರಲ್ಲಿ ಗೋಳಿ, ಇನ್ನೊಂದರಲ್ಲಿ ಕಿರಕಸಾಲಿ ಸೊಪ್ಪು ಎಂದು ಆಮೇಲೆ ಗೊತ್ತಾಯಿತು. ಅತ್ತೆ ಸ್ಟೂಲಿನ ಮೇಲೆ ಕೂತು ತಂಬಿಗೆಯಿಂದ ನೀರು ಹಾಕುತ್ತಿದ್ದರು. ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯ ಹಿಡಿಯುವ ದಾರಿಯನ್ನು ಈ ಹೆಂಗಸು ಒಂದೇ ಮಳೆಗಾಲದಲ್ಲಿ ದಾಟಿಬಿಟ್ಟಿದ್ದರು!

"ಅತ್ತಿ, ಕಡೀಕೂ ಬಿತ್ತೀದಿ ನೋಡು! ಮೊಣಕಾಲ ಬಿತ್ತಿಸ್ತು!"

"ಮೊಣಕಾಲಲ್ಲೋ, ನೀ ಬಿತ್ತಿಸಿದಿ," ಎಂದರು ಅತ್ತೆ. "ಆವತ್ತ ಚೀಲ ತುಂಬ ಕಸ ತಂದ್ಯಲ್ಲ, ನನ್ನ ಎದಿ ಧಸಕ್ ಅಂತು. ನಾ ಹೋದ ಮ್ಯಾಲ ಇವನ್ನೆಲ್ಲ ಗುರ್ತ ಹಿಡಿಯವ್ರು ಯಾರು? ದಿನಾ ಕಣ್ಣಮುಂದ ಇದ್ರರ ಕಲೀತಿ ಅಂತ ಮನಿಗೇ ತಂದೆ."

ಹವಾಮಾನವಲ್ಲ, ಜನಸಂಖ್ಯೆಯೂ ಅಲ್ಲ. ಮೊದಲ ಬೀಜ ಊರಿದ ಆ ಹೆಂಗಸಿಗೂ ನನ್ನಂಥ ಒಬ್ಬ ದಡ್ಡ ಅಳಿಯ ಇದ್ದಿರಬೇಕು. ಅತ್ತೆಯ ಕಾಲ ಬಳಿ ನೆಲಕ್ಕೆ ಕೂತೆ.

"ಇದು ಯಾವುದು, ಹೇಳು?" ಎಂದು ಅತ್ತೆ ಒಂದು ಬಕೆಟ್ಟಿನತ್ತ ಬೆರಳು ಮಾಡಿದರು.

ಹೇಳಿದೆ. ತಪ್ಪಾಯಿತು. ಅತ್ತೆ ಬಯ್ಯಲಿಲ್ಲ, ಒಂದು ಎಲೆ ಚಿವುಟಿ, ಸೆರಗಿಗೆ ಒರೆಸಿ, ನನ್ನ ಬಾಯಿಗಿಟ್ಟರು.