ಆರನೇ ಬೆರಳು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಕಡಲೆಕಾಳಿನಷ್ಟು ಒಂದು ಬೆರಳು. ಹರಿಹರದ ಮಾವನ ಮನೆಯಲ್ಲಿ ಶಿವುವಿನ ಮಗನನ್ನು ತೊಟ್ಟಿಲಿಗೆ ಹಾಕುವ ದಿನ. ದಾವಣಗೆರೆಯಿಂದ ಬಂದ ಅವನ ತಾಯಿ ಓಬವ್ವ, ಕೂಸಿನ ಕೈಗವಸು ತೆಗೆದು ಬೆರಳು ಎಣಿಸಿದಳು. ಕಿರುಬೆರಳಿನ ಪಕ್ಕ ಇನ್ನೊಂದು!

“ನಮ್ಮ ಮನಿತನದಾಗೆ ಏಳು ತಲೆಮಾರಿಂದ ಆರು ಬೆರಳಿಲ್ಲ. ಇದೆಲ್ಲಿಂದ ಬಂತವ್ವಾ?” ಎಂದು ಸೊಸೆಯನ್ನು ಕೇಳಿಯೇಬಿಟ್ಟಳು.

ಹೆಂಗಸರ ಹಾಡು ಅರ್ಧಕ್ಕೇ ನಿಂತಿತು. ಸೊಸೆ ನೇತ್ರಾವತಿ ಗಂಡನ ಮುಖ ನೋಡಿದಳು.

“ನನಗೇನೂ ಅನುಮಾನ ಇಲ್ಲಪ್ಪ,” ಎಂದ ಶಿವು. ಅವನನ್ನು ಯಾರೂ ಕೇಳಿರಲಿಲ್ಲ.

ನೇತ್ರಾವತಿಯ ಅಣ್ಣ ಕರಿಬಸವರಾಜ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಸುಮ್ಮನಿರಬಾರದೇ?

“ನೋಡ್ರಿ, ಕೆಲವು ಗುಣ ಅಪ್ಪ-ಅವ್ವ ಇಬ್ರ ಕಡೆಯಿಂದ್ಲೂ ಬಂದ್ರೇನೇ ಕಾಣೋದು. ಆರನೇ ಬೆರಳು ಹಂಗಲ್ಲ, ಒಬ್ರ ಕಡೆಯಿಂದ ಬಂದ್ರೂ ಸಾಕು. ಎಲ್ರೂ ಕೈ ಚಾಚ್ರಿ!”

ನೇತ್ರಾವತಿಯ ಕಡೆಯ ಹದಿನಾಲ್ಕು ಜನ ಪಂಕ್ತಿಗೆ ಕೂತಂತೆ ಕೂತು ಕೈ ಚಾಚಿದರು. ಎಲ್ಲರದೂ ಐದೈದೇ. ಮಂಡಿಪೇಟೆಯಲ್ಲಿ ದಿನವೂ ಅಕ್ಕಿ ಮೂಟೆ ಎಣಿಸುವ ಶಿವು ಈಗ ತನ್ನ ಬೆರಳನ್ನೇ ಮೂರು ಸಲ ಎಣಿಸಿದ. ಕಿರುಬೆರಳ ಬುಡದಲ್ಲಿ ಹಳೆಯ ನರಹುಲಿಯೊಂದು ಬಿಟ್ಟರೆ ಹೆಚ್ಚಿನದೇನೂ ಇಲ್ಲ. ಹೆಂಡತಿಯೆಂದರೆ ಪ್ರಾಣ ಬಿಡುವ ಅವನಿಗೆ ಅವಳ ಮುಖ ನೋಡಲು ಧೈರ್ಯವಾಗಲಿಲ್ಲ.

“ನನಗೇನೂ ಅನುಮಾನ ಇಲ್ಲ,” ಎಂದ ಮತ್ತೆ.

ಅಷ್ಟರಲ್ಲಿ ಬಾತಿ ಹಳ್ಳಿಯಿಂದ ಖತೀಜಾಬೀ ಬಂದಳು. ಶಿವು ಹುಟ್ಟಿದಾಗ ಹೆರಿಗೆ ಮಾಡಿಸಿದ ಸೂಲಗಿತ್ತಿ. ಓಬವ್ವ ಬೇಡವೆಂದರೂ ಶಿವುವೇ ಕರೆದಿದ್ದ.

“ಬಾರಬೇ, ಮೊದ್ಲು ಉಣ್ಣು ನಡಿ,” ಎಂದು ಓಬವ್ವ ಅವಳನ್ನು ದರದರ ಎಳೆದಳು. ಮುದುಕಿ ಕೊಸರಿಕೊಂಡು ತೊಟ್ಟಿಲಿಗೆ ಬಗ್ಗಿದಳು.

“ಯಾ ಅಲ್ಲಾ! ಥೇಟ್ ಅಪ್ಪನ ಕೈನೇ!” ಶಿವುವಿನ ಕೈ ಹಿಡಿದು ಆ ನರಹುಲಿ ಮುಟ್ಟಿದಳು. “ಇವನ್ದೂ ಇಲ್ಲೇ ಇತ್ತು. ದಾರ ಬಿಗಿದು ನಾನೇ ಉದುರಿಸಿದ್ದೆ. ತನ್ನ ಅತ್ತಿ ನೋಡಿದ್ರೆ ಎಲ್ಲಿಂದ ಬಂತು ಅಂತ ಕೇಳ್ತಾಳೆ, ಬಾಯಿ ಬಿಡಬ್ಯಾಡ ಅಂತ ಓಬವ್ವ ಆಣೆ ಹಾಕ್ಸಿದ್ಲು. ಅತ್ತಿ ಸತ್ತು ಇಪ್ಪತ್ತು ವರ್ಷಾತು, ಇನ್ನೇನು ಭಯ?”

ಓಬವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶಿವುವಿಗೆ ಹೋದ ಜೀವ ಬಂದಂತಾಯಿತು. ಕುಣಿದೇಬಿಟ್ಟ.

“ಮಗ ನಂದೇ! ನೇತ್ರಾ, ಮಗ ನಂದೇ ನೋಡೇ!”

ಯಾರೂ ನಗಲಿಲ್ಲ. ನೇತ್ರಾವತಿ ಕೂಸನ್ನು ಎತ್ತಿಕೊಂಡು ನಿಂತಳು.

“ಇಷ್ಟೊತ್ತು ಯಾರ್ದು ಅನ್ಕಂಡಿದ್ರಿ?”

ಸಂಜೆ ದಾವಣಗೆರೆ ಬಸ್ಸಿನಲ್ಲಿ ತಾಯಿ-ಮಗ ಇಬ್ಬರೇ ಕೂತಿದ್ದರು. ಬಾತಿ ದಾಟಿದ ಮೇಲೆ ಓಬವ್ವ ಕಿಟಕಿಯ ಕಡೆ ತಿರುಗಿ ಹೇಳಿದಳು:

“ನನಗಂತೂ ಅನುಮಾನ ಇರ್ಲಿಲ್ಲಪ್ಪ.”