ಬೇವು ಕಹಿಯಾಗದ ಬೆಳಗು

ವಿಜ್ಞಾನವನ್ನು ನನಗೆ ಒಮ್ಮೆ ಹೇಳಿದರೆ ಸಾಕು. ಎರಡನೆಯ ಸಲ ಹೇಳುವಷ್ಟರಲ್ಲಿ ನಾನು ಅದನ್ನು ಬಳಸಿ ಮುಗಿಸಿರುತ್ತೇನೆ.

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಸಿಂಚನಾ ಔಷಧಿಗಳ ಸಂಶೋಧನೆ ಮಾಡುವ ಹುಡುಗಿ. ಒಂದು ಸಂಜೆ ನನ್ನ ಕುತೂಹಲ ತಾಳಲಾರದೆ ಒಂದು ಪೊಟ್ಟಣ ಬಿಳಿ ಪುಡಿ ತಂದು ತೋರಿಸಿದಳು.

“ಅಂಕಲ್, ಇದು ಸಕ್ಕರೆ ಜಾತೀದೇ. ಒಂದೊಂದು ಕಣಾನೂ ಬಳೆ ಥರ ಇರುತ್ತೆ. ಮಧ್ಯದ ತೂತಲ್ಲಿ ಔಷಧಿ ಹೋಗಿ ಕೂತ್ಕೊಳ್ಳುತ್ತೆ. ಅಂಟು ಗಿಂಟು ಏನಿಲ್ಲ, ಸುಮ್ನೆ ಹಿಡ್ಕೊಂಡಿರುತ್ತೆ. ಗಾಯದ ಹತ್ರ ಹೋಗಿ ನಿಧಾನಕ್ಕೆ ಬಿಡುತ್ತೆ, ಅಲ್ಲಿರೋ ಕೀಟಾಣು ಸಾಯುತ್ವೆ.”

“ಇದನ್ನ ತಿಂದ್ರೆ?”

“ಏನೂ ಆಗಲ್ಲ ಅಂಕಲ್. ಇದು ಖಾಲಿ ಬಳೆ ಅಷ್ಟೆ. ಮಾತ್ರೆಗೂ ಹಾಕ್ತಾರೆ.”

ಫೋನು ಬಂದು ಅವಳು ಮೇಲೆ ಹೋದಳು. ಪೊಟ್ಟಣ ನನ್ನ ಮುಂದೆಯೇ ಉಳಿಯಿತು. ಔಷಧಿಯನ್ನೇ ಹಿಡಿದುಕೊಳ್ಳುವ ವಸ್ತು ಕೀಟಾಣುವನ್ನು ಬಿಟ್ಟೀತೆ? ಮನೆಗೆ ಬರುತ್ತಿದ್ದದ್ದು ಟ್ಯಾಂಕರ್ ನೀರು. ಕುಟುಂಬದ ಆರೋಗ್ಯವನ್ನು ಗಮನದಲ್ಲಿಟ್ಟುಕೊಂಡು, ಇಡೀ ಪೊಟ್ಟಣವನ್ನು ಕುಡಿಯುವ ನೀರಿನ ತಾಮ್ರದ ಬಿಂದಿಗೆಗೆ ಸುರಿದು ಸೌಟಿನಿಂದ ಕದಡಿದೆ. ಹೆಂಡತಿ ಜಯಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಬಿಂದಿಗೆ ತೊಳೆಸುತ್ತಿದ್ದಳು!

ಆಮೇಲೆ ಅದು ನನಗೆ ಮರೆತೇ ಹೋಯಿತು. ಕಾರಣ, ಮುಸ್ಸಂಜೆ ಹಿತ್ತಲಿಗೆ ಹೋದಾಗ ಗುಲಾಬಿ ಗಿಡಗಳ ಬಳಿ ಏನೋ ತಣ್ಣಗೆ, ಒದ್ದೆಯಾಗಿ ನನ್ನ ಕಾಲಿಗೆ ಸುತ್ತಿಕೊಂಡಿತು. ಕೊಡವಿಕೊಂಡು ಒಳಗೆ ಓಡಿದೆ. ಕಾಲು ಚುರುಗುಟ್ಟಿತು. ಧೈರ್ಯಶಾಲಿಯಾದ ನಾನು ಯಾರಿಗೂ ಹೇಳದೆ ಮಲಗಿದೆ.

ಬೆಳಿಗ್ಗೆ ಕೆರೆಯ ಕಡೆಯಿಂದ ಮಂಜು ಬಂದು ಕಿಟಕಿಗೆ ಒರಗಿತ್ತು. ಕರೆಂಟಿರಲಿಲ್ಲ. ನನ್ನ ಸಕ್ಕರೆ ಕಾಯಿಲೆಗೆಂದು ಜಯಮ್ಮ ದಿನವೂ ಬಿಂದಿಗೆಯ ನೀರು ಬೆರೆಸಿ ಕೊಡುವ ಹಾಗಲಕಾಯಿ ರಸವನ್ನು ಕಣ್ಣು ಮುಚ್ಚಿ ಕುಡಿದೆ.

ಕಹಿಯೇ ಇಲ್ಲ!

ನಾಲಗೆಯ ಮೇಲೆ ರಸವಿತ್ತು, ಕಹಿ ಇರಬೇಕಾದ ಜಾಗ ಮಾತ್ರ ಖಾಲಿ. ಹಿತ್ತಲಲ್ಲಿ ಕಾಲಿಗೆ ಸುತ್ತಿಕೊಂಡದ್ದು ನೆನಪಾಯಿತು. ಬಗ್ಗಿ ನೋಡಿದರೆ ಪಾದ ಊದಿತ್ತು. ಮೇಲೆ ಅಕ್ಕಪಕ್ಕದಲ್ಲಿ ಎರಡು ಕೆಂಪು ಚುಕ್ಕೆ.

ನಮ್ಮ ಹೊಸಕೆರೆಹಳ್ಳಿಯ ಹಳಬರ ನಂಬಿಕೆಯೊಂದಿದೆ: ಹಾವು ಕಚ್ಚಿದವನಿಗೆ ಬೇವು ಕಹಿಯಾಗುವುದಿಲ್ಲ. ಹಿತ್ತಲಿನ ಸಂಗತಿ ಬಾಯಿಬಿಟ್ಟೆ. ಜಯಮ್ಮನ ಕೂಗಿಗೆ ಪಕ್ಕದ ಮನೆಯ ದೊಡ್ಡಮ್ಮ ಬಂದರು. ಕಾಲು ನೋಡಿದರು. ಲೋಟ ಮೂಸಿದರು.

“ಕಹಿ ಅನ್ಸಕಿಲ್ವೇನ್ಲಾ?”

“ಇಲ್ಲ ದೊಡ್ಡಮ್ಮ.”

“ನಿಮ್ಮ ತಾತುಂಗೂ ಹಿಂಗೇ ಆಗಿತ್ತು.”

“ಯಾವಾಗ?”

“ಹೋದ್ರಲ್ಲಾ, ಅವತ್ತು.”

ಬೇವಿನ ಸೊಪ್ಪು ತರಿಸಿದರು. ಅಗಿಯೋಣವೆಂದರೆ ನನ್ನ ಹಲ್ಲುಸೆಟ್ಟು ಇನ್ನೂ ಬಟ್ಟಲಲ್ಲೇ ನಗುತ್ತಿತ್ತು. ಜಯಮ್ಮ ಸೊಪ್ಪು ಅರೆದು, ಬಿಂದಿಗೆಯ ನೀರಿನಲ್ಲಿ ಕದಡಿ, ಸೋಸಿ ಕೊಟ್ಟಳು. ಮೂವರೂ ಉಸಿರು ಬಿಗಿಹಿಡಿದೆವು. ಕುಡಿದೆ. ಹಸಿರು ವಾಸನೆ ಇತ್ತು, ಕಹಿ ಇರಲಿಲ್ಲ. ದೊಡ್ಡಮ್ಮ ಮೆಲ್ಲಗೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಆಸ್ಪತ್ರೆಯಲ್ಲಿ ನನ್ನ ರಕ್ತವನ್ನು ಗಾಜಿನ ಕೊಳವೆಗೆ ಹಾಕಿ ನಿಲ್ಲಿಸಿದರು.

“ಇಪ್ಪತ್ತು ನಿಮಿಷ ಅಲ್ಲಾಡಿಸ್ಬೇಡಿ,” ಎಂದರು ಡಾಕ್ಟರು. “ಹೆಪ್ಪುಗಟ್ಟಿದ್ರೆ ಒಳ್ಳೇದು, ರಕ್ತಕ್ಕೆ ವಿಷ ಸೇರಿಲ್ಲ ಅಂತ.”

ಆ ಕೊಳವೆಯನ್ನು ನೋಡುತ್ತಾ ಕುಳಿತಾಗ ನನಗೆ ನಿಜವಾಗಿಯೂ ಭಯವಾಯಿತು. ಜಯಮ್ಮ ನನ್ನ ಕೈ ಹಿಡಿದುಕೊಂಡಿದ್ದಳು. ಇಂಥವಳಿಗೆ ಮೋಸ ಮಾಡಿ ಸಾಯಬಾರದೆನಿಸಿತು.

“ಜಯಾ, ನಾನು ವಾಕಿಂಗ್ ಹೋಗ್ತಿರಲಿಲ್ಲ ಕಣೇ. ಎಂಟು ವರ್ಷದಿಂದ.”

“ಮತ್ತೆ?”

“ಬಸ್‌ಸ್ಟಾಪ್ ಹತ್ರದ ಹೋಟ್ಲು. ಚೌಚೌ ಬಾತ್. ಖಾರಾಬಾತ್ ಕಮ್ಮಿ, ಕೇಸರಿಬಾತ್ ಜಾಸ್ತಿ ಹಾಕಿಸ್ಕೊಳ್ತಿದ್ದೆ.”

ಅವಳ ಕಣ್ಣೀರು ನಿಂತಿತು. ಅಷ್ಟರಲ್ಲಿ ಬೇವು ಕಹಿಯಾಗದ ವಿಷಯ ತಿಳಿದು ಸಿಂಚನಾ ಓಡಿ ಬಂದಳು.

“ಅಂಕಲ್, ನಿನ್ನೆ ಪೌಡರ್ ನಿಮ್ಮ ಹತ್ರಾನೇ ಬಿಟ್ಟಿದ್ದೆ. ಎಲ್ಲಿಟ್ರಿ?”

“ಬಿಂದಿಗೆ ನೀರಿಗೆ ಹಾಕ್ದೆ…”

ಅವಳು ಹಣೆ ಚಚ್ಚಿಕೊಂಡಳು. “ಅಯ್ಯೋ! ಆ ಬಳೆ ಕಹೀನೂ ಹಿಡ್ಕೊಳ್ಳುತ್ತೆ ಅಂಕಲ್! ಕಹಿ ಅದರೊಳಗೆ ಹೋಗಿ ಕೂತ್ರೆ ನಾಲಗೆಗೆ ಸಿಗೋದೇ ಇಲ್ಲ. ಕಹಿ ಔಷಧಿಗೆ ಅದಕ್ಕೇ ಹಾಕೋದು!”

ಡಾಕ್ಟರು ಕೊಳವೆ ಓರೆ ಮಾಡಿದರು. ರಕ್ತ ಭದ್ರವಾಗಿ ಹೆಪ್ಪುಗಟ್ಟಿತ್ತು. ನನ್ನ ಕಾಲಿನಿಂದ ಚಿಮಟದಲ್ಲಿ ಎರಡು ಗುಲಾಬಿ ಮುಳ್ಳು ಎಳೆದು, ಮುಲಾಮು ಬರೆದುಕೊಟ್ಟರು.

“ತಣ್ಣಗೆ ಸುತ್ಕೊಂಡಿದ್ದು ನಾನು ಗಿಡಕ್ಕೆ ನೀರು ಬಿಟ್ಟಿದ್ದ ಪೈಪು,” ಎಂದಳು ಜಯಮ್ಮ. ಅಷ್ಟೇ. ಬೈಯಲಿಲ್ಲ. ಆಟೋದಲ್ಲಿ ಮಾತಿಲ್ಲ, ಊಟಕ್ಕೆ ಕುಳಿತಾಗಲೂ ಮಾತಿಲ್ಲ. ಹಾವಿಗೂ ನಾನು ಅಷ್ಟು ಹೆದರಿರಲಿಲ್ಲ!

ಕಾಲಿನ ಊತ ಇಳಿದ ಮರುದಿನ ಬೆಳಿಗ್ಗೆ ಆರಕ್ಕೆ ಅವಳು ಹೊಸ ಶೂ ತೊಟ್ಟು ಗೇಟಿನ ಬಳಿ ನಿಂತಿದ್ದಳು.

“ನಡೀರಿ.”

ಹೋಟೆಲಿನ ಮುಂದೆ ಹಾಯುವಾಗ ಒಳಗಿನಿಂದ ದನಿ ಬಂತು: “ಸಾರ್, ಬನ್ನಿ ಬನ್ನಿ! ಕೇಸರಿ ಜಾಸ್ತಿ ತಾನೆ?”

ಯಾರನ್ನೋ ಕರೆಯುತ್ತಿದ್ದಾರೆಂಬಂತೆ ನಾನು ಆಕಾಶ ನೋಡಿದೆ. ಜಯಮ್ಮ ನನ್ನ ರಟ್ಟೆ ಹಿಡಿದು ಮುಂದೆ ಎಳೆದು, ಕೆರೆಯ ಸುತ್ತ ನಡೆಸಿದಳು. ಆ ಕೆರೆಯ ದಂಡೆಯಲ್ಲೇ ಹುಟ್ಟಿ ಬೆಳೆದವನು ನಾನು. ಅದು ಅಷ್ಟು ದೊಡ್ಡದೆಂದು ತಿಳಿದದ್ದು ಮಾತ್ರ ಅರವತ್ತೆರಡನೆಯ ವಯಸ್ಸಿನಲ್ಲಿ!