ಸಗಟಿನಲ್ಲಿ ಹರಳೆಣ್ಣೆ

ಆ ವರ್ಷ ಆಶ್ವಯುಜದ ಬಿಸಿಲು ಬಲಿಯುವುದರೊಳಗೆ ನಮ್ಮ ಮನೆಯ ನಾಲ್ಕೂ ಜನರ ಪಿತ್ತವನ್ನು ಬುಡಸಮೇತ ಕಿತ್ತುಹಾಕುವುದೆಂದು ನಾನು ತೀರ್ಮಾನಿಸಿದೆ. ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಹೊಳೆನರಸೀಪುರದ ಪೇಟೆಬೀದಿಯಲ್ಲಿ ನನ್ನದೊಂದು ದಿನಸಿ ಅಂಗಡಿ. ಮನೆಯಲ್ಲಿ ಅಮ್ಮ, ಹೆಂಡತಿ ಪಾರ್ವತಿ, ಮದುವೆಯ ವಯಸ್ಸಿಗೆ ಬಂದ ತಂಗಿ ಗಿರಿಜೆ ಮತ್ತು ಸರ್ವಜ್ಞನಾದ ನಾನು.

ಈ ಜ್ಞಾನ ಬಂದದ್ದು ಹಾಸನದಲ್ಲಿ. ಸರಕು ತರಲು ಹೋದವನು ಒಬ್ಬ ಆಯುರ್ವೇದ ಪಂಡಿತರಿಗೆ ನಾಲಗೆ ತೋರಿಸಿದೆ. ಮಳೆಗಾಲದಲ್ಲಿ ಸದ್ದಿಲ್ಲದೆ ಕೂತಿದ್ದ ಪಿತ್ತ ಶರದೃತುವಿನ ಬಿಸಿಲಿಗೆ ಎದ್ದು ಕುಣಿಯುತ್ತದೆ ಎಂದರು. ದೇಹಕ್ಕೆ ಹರಳೆಣ್ಣೆ, ಮನಸ್ಸಿಗೆ ವಿಶ್ರಾಂತಿ. ಒಂದು ವಾರ ಪತ್ರಿಕೆ ಓದಬಾರದು, ಕಾಗದಪತ್ರ ನೋಡಬಾರದು, ಚಿಂತೆ ಹತ್ತಿರ ಸುಳಿಯಬಾರದು. ಹೇಳಿದ್ದು ನನ್ನೊಬ್ಬನಿಗೆ. ನಾನು ಮನೆಮಂದಿಗೆಲ್ಲ ಜಾರಿಗೆ ತಂದೆ.

ಬುಧವಾರ ಅಂಚೆಯವನು ಒಂದು ಕಾರ್ಡು ಕೊಟ್ಟುಹೋದ. ನಾನು ಅದರ ಮುಖವನ್ನೂ ನೋಡದೆ ಬೋರಲು ಮಾಡಿ ಪಂಚಾಂಗದ ಕೆಳಗೆ ಇಟ್ಟೆ. ಅಷ್ಟರಲ್ಲಿ ಗಿರಿಜೆ ಮೊಹರನ್ನು ನೋಡಿಬಿಟ್ಟಿದ್ದಳು.

"ಚನ್ನರಾಯಪಟ್ಟಣದ್ದು ಕಣಣ್ಣ," ಎಂದಳು ಮೆಲ್ಲಗೆ.

ಅದರ ಅರ್ಥ ನನಗೆ ಗೊತ್ತಿತ್ತು. ಚನ್ನರಾಯಪಟ್ಟಣದ ತೆಂಗಿನಕಾಯಿ ವರ್ತಕರಾದ ಮಲ್ಲಪ್ಪನವರು ಮಗನಿಗೆ ಹೆಣ್ಣು ನೋಡಲು ಯಾವಾಗ ಬರುತ್ತೇವೆಂದು ಬರೆದು ತಿಳಿಸುವವರಿದ್ದರು. ಹಿಂದೆ ಎರಡು ಸಂಬಂಧಗಳು ಕೈತಪ್ಪಿದ್ದವು. ಎರಡೂ ಸಲ ನಾನು ಅತಿಯಾಗಿ ಮಾತಾಡಿದ್ದೇ ಕಾರಣವೆಂದು ಅಮ್ಮನ ದೂರು. ಇದೂ ತಪ್ಪಿದರೆ ನನ್ನ ಮುಖ ನೋಡುವುದಿಲ್ಲ ಎಂದಿದ್ದಳು. ಗಿರಿಜೆ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಆದರೆ ದಿನಾ ಅಂಚೆಯ ಹೊತ್ತಿಗೆ ಸರಿಯಾಗಿ ಜಗಲಿ ಗುಡಿಸುತ್ತಿದ್ದಳು. ಆದರೂ ಪಥ್ಯವೆಂದರೆ ಪಥ್ಯ! ಸೋಮವಾರ ಓದೋಣ ಎಂದೆ.

"ಒಂದು ಕಾರ್ಡು ಓದುದ್ರೆ ಪಿತ್ತ ನೆತ್ತಿಗೇರ್ತದಾ?" ಎಂದಳು ಪಾರ್ವತಿ.

ಏರುತ್ತದೆ ಎಂದು ಅರ್ಧ ಗಂಟೆ ವಿವರಿಸಿದೆ. ವಿವರಿಸುವಾಗ ನನ್ನದು ಏರಿತು.

ಭಾನುವಾರ ಬೆಳಿಗ್ಗೆ ಅಂಗಡಿಯಿಂದ ಹೊಸ ಹರಳೆಣ್ಣೆ ತಂದು ಬಿಸಿ ಕಾಫಿಗೆ ಬೆರೆಸಿದೆ. ಅಮ್ಮ ಲೋಟವನ್ನು ದೂರ ತಳ್ಳಿದಳು.

"ದಿನಕ್ಕೊಬ್ರು ಕುಡೀವ ಕಣ್ಲಾ. ಮನೇಲಿರೋದು ಒಂದೇ ಕಕ್ಕಸು."

ನಾನು ವ್ಯಾಪಾರಸ್ಥ. ಚಿಲ್ಲರೆಯಲ್ಲಿ ನಾಲ್ಕು ದಿನ ನರಳುವುದಕ್ಕಿಂತ ಸಗಟಿನಲ್ಲಿ ಒಂದೇ ದಿನ ಮುಗಿಸುವುದು ಲಾಭ ಎಂದು ತಿಳಿಹೇಳಿ, ಎದುರಿಗೆ ನಿಂತು ಎಲ್ಲರಿಗೂ ಕುಡಿಸಿದೆ. ಧೈರ್ಯ ತುಂಬಲು ನಾನು ಎರಡು ಪಾಲು ಕುಡಿದೆ.

ಹತ್ತು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಮಲ್ಲಪ್ಪನವರು, ಅವರ ಹೆಂಡತಿ, ಹಿಂದೆ ಜರಿಪೇಟ ಸುತ್ತಿದ ವರ!

"ಕಾರ್ಡು ತಲುಪ್ತಲ್ಲಾ?" ಎಂದರು ಮಲ್ಲಪ್ಪನವರು.

ತಲುಪಿದೆ ಎಂದೆ. ಆ ದಿನ ನಾನು ಆಡಿದ ಕೊನೆಯ ಸತ್ಯ ಅದು.

ಜಮಖಾನ ಹಾಸಿ ಕೂರಿಸಿದೆ. ಅಮ್ಮ ಬಂದು ಕ್ಷೇಮ ಕೇಳುತ್ತಿದ್ದವಳು ನಡುವೆಯೇ ಮುಖ ಕಿವುಚಿಕೊಂಡು ಹಿತ್ತಲಿಗೆ ನಡೆದಳು. ಪೂಜೆಗೆ ಹೂವು ಬಿಡಿಸಲು ಹೋದಳೆಂದೆ. ಪಾರ್ವತಿ ಹಾಲಿನ ಲೋಟಗಳನ್ನು ಇಟ್ಟವಳೇ ಓಡಿದಳು. ಅತ್ತೆಗೆ ಹೂವು ಎಟುಕುವುದಿಲ್ಲ ಎಂದೆ. ಗಿರಿಜೆ ರೇಷ್ಮೆ ಸೀರೆಯುಟ್ಟು ಎಲೆಅಡಿಕೆ ತಟ್ಟೆ ಹಿಡಿದು ಬಂದಳು. ಒಂದು ಹಾಡು ಹೇಳಮ್ಮ ಎಂದರು ಮಲ್ಲಪ್ಪನವರ ಹೆಂಡತಿ. ಮೊದಲ ಸಾಲು ಚೆನ್ನಾಗಿ ಬಂತು. ಎರಡನೆಯ ಸಾಲಿಗೆ ಹಾಡುವವಳೇ ಇರಲಿಲ್ಲ!

"ತುಂಬಾ ಹೂವು ಬಿಟ್ಟಿದೆ ಈ ವರ್ಷ," ಎಂದೆ.

ವರ ತಲೆ ತಗ್ಗಿಸಿ ಜಮಖಾನದ ನೂಲು ಕೀಳುತ್ತಿದ್ದ. ಸಂಬಂಧ ಜಾರುತ್ತಿದೆಯೆಂದು ನನಗೆ ಗಾಬರಿಯಾಯಿತು. ನಮ್ಮ ವಂಶದಲ್ಲಿ ಅಜ್ಜನ ಕಾಲದಿಂದಲೂ ಯಾರಿಗೂ ಹೊಟ್ಟೆನೋವೆಂಬುದೇ ಗೊತ್ತಿಲ್ಲವೆಂದು ಗಂಭೀರವಾಗಿ ಹೇಳಲಾರಂಭಿಸಿದೆ. ಆಗ ನನ್ನ ಎರಡು ಪಾಲೂ ಒಟ್ಟಿಗೆ ಎದ್ದವು. ನಾನೂ ಒಂದೆರಡು ಹೂವು ತರುತ್ತೇನೆಂದು ಓಡಿದೆ.

ಹಿತ್ತಲಲ್ಲಿ ಕಕ್ಕಸಿನ ಬಾಗಿಲು ಹಾಕಿತ್ತು. ಒಳಗೆ ಅಮ್ಮ. ಹೊರಗೆ ಚೊಂಬು ಹಿಡಿದ ಪಾರ್ವತಿ. ಅವಳ ಹಿಂದೆ ಚೊಂಬು ಹಿಡಿದ ಗಿರಿಜೆ. ನಾನು ಚೊಂಬಿಲ್ಲದೆ ಕೊನೆಯವನಾಗಿ ನಿಂತೆ. ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಮಲ್ಲಪ್ಪನವರು!

ಮನೆಮಂದಿಯೆಲ್ಲ ಸೇರಿ ಬಿಡಿಸಿದರೂ ಮುಗಿಯದ ಹೂದೋಟವನ್ನು ಕಣ್ಣಾರೆ ನೋಡಲು ಬಂದಿದ್ದರು. ನಮ್ಮ ಹಿತ್ತಲಲ್ಲಿದ್ದದ್ದು ಒಂದು ನುಗ್ಗೆಮರ, ಎರಡು ಬದನೆಗಿಡ.

ಇದು ನಮ್ಮ ಮನೆತನದಲ್ಲಿ ನಡೆದುಬಂದ ಒಂದು ವ್ರತ ಎಂದು ಶುರುಮಾಡಿದೆ. ಗಿರಿಜೆ ತಡೆದಳು.

"ಸಾಕು ಸುಮ್ಕಿರಣ್ಣ. ಯಜಮಾನ್ರೇ, ಬೆಳಿಗ್ಗೆ ನಮ್ಮಣ್ಣ ಎಲ್ರಿಗೂ ಅರಳೆಣ್ಣೆ ಕುಡಿಸವ್ನೆ. ನಿಮ್ ಕಾರ್ಡ ಓದೇ ಇಲ್ಲ. ಪಂಚಾಂಗದ ಕೆಳಗೈತೆ."

ಮಲ್ಲಪ್ಪನವರು ತಿರುಗಿ ಒಳಗೆ ಹೋದರು. ಬಾಗಿಲ ಆಚೆಯಿಂದ ಅಮ್ಮ, "ಒಂಟೋದ್ರಾ?" ಎಂದು ಕೇಳಿದಳು. ಅವಳ ದನಿ ಕೇಳಿ ನನಗೆ ನಿಜವಾಗಿ ದುಃಖವಾಯಿತು. ಕಣ್ಣೀರು ಬಂತು. ಆದರೆ ಅಳಲು ಪುರುಸೊತ್ತಿರಲಿಲ್ಲ. ನನ್ನ ಸರದಿಯೂ ಬಂತು.

ಸೊಂಟ ಹಿಡಿದುಕೊಂಡು ನಾನು ಒಳಗೆ ಬಂದಾಗ ಮಲ್ಲಪ್ಪನವರು ಕನ್ನಡಕ ಹಾಕಿಕೊಂಡು ಪಂಚಾಂಗದ ಪಕ್ಕ ಕೂತಿದ್ದರು. ತಾವೇ ಬರೆದ ಕಾರ್ಡನ್ನು ತಾವೇ ನನಗೆ ಓದಿ ಹೇಳಿದರು. 'ಭಾನುವಾರ ಬರುತ್ತೇವೆ. ಸೋಮವಾರ ನಮ್ಮ ಮನೆಯಲ್ಲಿ ಹರಳೆಣ್ಣೆ ತೆಗೆದುಕೊಳ್ಳುವ ದಿನ. ತಮ್ಮಲ್ಲೂ ಆ ಕ್ರಮವಿದ್ದರೆ ದಯಮಾಡಿ ಭಾನುವಾರ ಬಿಟ್ಟು ಇಟ್ಟುಕೊಳ್ಳುವುದು.'

ನಾನು ಜಮಖಾನದ ನೂಲು ಕೀಳತೊಡಗಿದೆ.

"ಉಡುಗಿ ಇದ್ದದ್ದ ಇದ್ದಂಗೆ ಏಳ್ತಾಳೆ. ನಮಗೆ ಒಪ್ಪಿಗೆ," ಎಂದರು ಮಲ್ಲಪ್ಪನವರು. "ಮದ್ವೆ ಮಾತು ಮಾತ್ರ ನಿಮ್ಮವ್ವನತ್ರ ಆಡ್ತೀವಿ. ನೀವು ಸುಧಾರಿಸ್ಕಳಿ."

ವರ ಮೊದಲ ಸಲ ತಲೆಯೆತ್ತಿ ನಕ್ಕ. ಬಾಗಿಲಲ್ಲಿ ನಿಂತಿದ್ದ ಗಿರಿಜೆ ಕೆಂಪಗಾಗಿ ಹಿತ್ತಲಿಗೆ ಓಡಿದಳು. ನಾಚಿಕೆಗೋ ಎಣ್ಣೆಗೋ ಎಂದು ಯಾರೂ ಕೇಳಲಿಲ್ಲ.

ಆ ವರ್ಷ ನನ್ನ ಪಿತ್ತ ಇಳಿಯಿತೋ ಇಲ್ಲವೋ ತಿಳಿಯದು. ಮನೆಯಲ್ಲಿ ನನ್ನ ಬೆಲೆ ಮಾತ್ರ ಖಂಡಿತ ಇಳಿಯಿತು. ಈಗ ಪ್ರತಿ ಶರದೃತುವಿನಲ್ಲೂ ನಮ್ಮಲ್ಲಿ ಹರಳೆಣ್ಣೆ ಯಾವತ್ತು, ಯಾರಿಗೆ, ಎಷ್ಟು ಎಂಬುದನ್ನು ಗಿರಿಜೆ ಚನ್ನರಾಯಪಟ್ಟಣದಿಂದ ಬರೆದು ತಿಳಿಸುತ್ತಾಳೆ. ಕಾರ್ಡು ಬರುವುದು ಪಾರ್ವತಿಯ ಹೆಸರಿಗೆ. ಪಾರ್ವತಿಗೆ ಅಕ್ಷರ ಕೂಡಿಸಿಕೊಂಡು ಓದಲು ಅರ್ಧ ಗಂಟೆ ಬೇಕು. ಆದರೆ ಬಂದ ದಿನವೇ ಓದುತ್ತಾಳೆ.